ಬೂದಿದಿಬ್ಬಗಳ ಶೋಧ ಮತ್ತು ರೇಮಂಡ್ ಆಲ್ಚಿನ್

ದಕ್ಷಿಣ ಭಾರತದ ಪ್ರಾಗಿತಿಹಾಸದ ಅಧ್ಯಯನದಲ್ಲಿ ಬೂದಿದಿಬ್ಬಗಳಿಗೆ ವಿಶಿಷ್ಟವಾದ ಸ್ಥಾನವಿದೆ. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ, ವಿಜಯನಗರ ಜಿಲ್ಲೆಗಳ ಬಯಲಿನಲ್ಲಿಯೂ ನೆರೆಯ ಆಂಧ್ರಪ್ರದೇಶ, ತೆಲಂಗಾಣಗಳ ಗಡಿಭಾಗದಲ್ಲಿಯೂ ಇಂತಹ ನೂರಕ್ಕೂ ಹೆಚ್ಚು ದಿಬ್ಬಗಳು ಗುರುತಿಸಲ್ಪಟ್ಟಿವೆ. ಕೆಲವು ಆಳೆತ್ತರದವು, ಕೆಲವು ದೂರದಿಂದ ಸಣ್ಣ ಗುಡ್ಡಗಳಂತೆ ತೋರುವಷ್ಟು ದೊಡ್ಡವು. ಮೇಲುಮಣ್ಣನ್ನು ಕೆದರಿದರೆ ಮೆತ್ತನೆಯ ಬಿಳಿಬೂದಿ ಸಿಗುತ್ತದೆ. ಕೆಲವು ಪದರಗಳಲ್ಲಿ ಅದೇ ಬೂದಿ ಕರಗಿ, ಕಬ್ಬಿಣದ ಕಿಟ್ಟದಂತೆ ಗಟ್ಟಿಯಾಗಿ, ರಂಧ್ರಮಯವಾಗಿ ನಿಂತಿರುತ್ತದೆ. ಇಷ್ಟೊಂದು ಬೂದಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಸುತ್ತಲಿನ ಜನರನ್ನೂ ವಿದ್ವಾಂಸರನ್ನೂ ಬಹುಕಾಲ ಕಾಡಿತು. ಜನರು ಐತಿಹ್ಯಗಳ ಮೂಲಕ ಉತ್ತರ ಹೇಳಿಕೊಂಡರು. ವಿದ್ವಾಂಸರು ಒಂದು ಶತಮಾನಕ್ಕೂ ಮಿಕ್ಕಿ ವಾದಿಸಿದರು. ಈ ವಾದವನ್ನು ಉತ್ಖನನದ ಆಧಾರದ ಮೇಲೆ ಒಂದು ನೆಲೆಗೆ ತಂದವರು ಬ್ರಿಟಿಷ್ ಪುರಾತತ್ತ್ವಜ್ಞ ಫ್ರಾಂಕ್ ರೇಮಂಡ್ ಆಲ್ಚಿನ್. ಅವರ ಬದುಕು ಮತ್ತು ಸಾಧನೆಯನ್ನು ಪರಿಚಯಿಸುವುದರೊಂದಿಗೆ, ನೆಲದೊಳಗಿನ ಅವಶೇಷವನ್ನು ಜೀವಂತ ಆಚರಣೆಯ ಬೆಳಕಿನಲ್ಲಿ ಓದುವ ಅವರ ವಿಧಾನದ ಬೆಲೆಯನ್ನೂ ಮಿತಿಯನ್ನೂ ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

ಐತಿಹ್ಯಗಳು ಮತ್ತು ಪೂರ್ವದ ವಾದಗಳು

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಸಮೀಪದ ದಿಬ್ಬವು ಇವುಗಳಲ್ಲಿ ಬಹಳ ಪ್ರಸಿದ್ಧವಾದುದು. ದಾರಿ ಹಾಯುವ ಕಣಿವೆಗೇ 'ಬೂದಿ ಕನಮ' ಎಂಬ ಹೆಸರು ಬಿದ್ದಿದೆ. ತೆಲುಗಿನ 'ಕನಮ' ಎಂದರೆ ಕನ್ನಡದ ಕಣಿವೆ. ಈ ದಿಬ್ಬವನ್ನು ಭೀಮನು ಕೊಂದ ಹಿಡಿಂಬಾಸುರನ ದಹನದೊಂದಿಗೆ ಐತಿಹ್ಯವು ಜೋಡಿಸುತ್ತದೆ. ಹಂಪಿಯ ಬಳಿಯ ನಿಂಬಾಪುರದ ಬೂದಿದಿಬ್ಬವಾದರೋ ವಾಲಿಯ ಚಿತೆಯೆಂದು ಪ್ರತೀತಿ. ಕಿಷ್ಕಿಂಧೆಯ ಕಥೆಗಳಿಂದ ತುಂಬಿದ ಆ ಪರಿಸರದಲ್ಲಿ ವಾಲಿಗೆ ಒಂದು ಚಿತಾಸ್ಥಳ ದೊರೆತುದು ಸಹಜವೇ ಆಗಿದೆ. ಭಾರತದ ಕಥೆಯಿರಲಿ, ರಾಮಾಯಣದ ಕಥೆಯಿರಲಿ, ಎರಡೂ ಕಡೆ ಐತಿಹ್ಯದ ತರ್ಕ ಒಂದೇ: ಬೂದಿ ಅಪಾರವಾಗಿದೆಯಾದ್ದರಿಂದ ಸುಟ್ಟ ದೇಹವೂ ಮಾನವಪ್ರಮಾಣವನ್ನು ಮೀರಿದುದಾಗಿರಬೇಕು.

19ನೆಯ ಶತಮಾನದ ಪೂರ್ವಾರ್ಧದಲ್ಲಿ ಈ ದಿಬ್ಬಗಳನ್ನು ಗಮನಿಸಿದ ಕ್ಯಾಪ್ಟನ್ ನ್ಯೂಬೋಲ್ಡ್ ಅವರು 1843ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಊಹೆಗಳು ಒಂದರ ಮೇಲೊಂದು ಬಂದವು. ಇವು ಜ್ವಾಲಾಮುಖಿಯ ಅವಶೇಷಗಳೆಂದು ಕೆಲವರು, ಕಬ್ಬಿಣ ಕರಗಿಸಿದ ಕುಲುಮೆಗಳ ಕಿಟ್ಟವೆಂದು ಕೆಲವರು, ಸಾಮೂಹಿಕ ಶವದಹನದ ಅಥವಾ ಬಲಿಯ ಉಳಿಕೆಯೆಂದು ಮತ್ತೆ ಕೆಲವರು ವಾದಿಸಿದರು. ಭಾರತದ ಪ್ರಾಗಿತಿಹಾಸ ಅಧ್ಯಯನದ ಪಿತಾಮಹರೆನಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಮಾತ್ರ ಇದು ದನಗಳ ಸಗಣಿ ಸುಟ್ಟು ಆದ ಬೂದಿಯಿರಬೇಕೆಂದೂ, ಈ ನೆಲೆಗಳು ನವಶಿಲಾಯುಗದ ಜನರಿಗೆ ಸಂಬಂಧಿಸಿದವೆಂದೂ ಕಂಡುಕೊಂಡಿದ್ದರು. ಆದರೆ ಕ್ರಮಬದ್ಧವಾದ ಉತ್ಖನನದ ಬೆಂಬಲವಿಲ್ಲದ ಕಾರಣ ಅವರ ಅಭಿಪ್ರಾಯವು ಹಲವು ಊಹೆಗಳಲ್ಲಿ ಒಂದಾಗಿಯೇ ಉಳಿಯಿತು.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯಿದೆ. ವಿದ್ವಾಂಸರು ಇದನ್ನು ಲಾವಾ ಎಂದೂ ಕಿಟ್ಟವೆಂದೂ ಕರೆಯುತ್ತಿದ್ದ ಕಾಲದಲ್ಲಿಯೂ ಸ್ಥಳೀಯರು ಇದನ್ನು ಬೂದಿಯೆಂದೇ ಕರೆಯುತ್ತಿದ್ದರು. ಕಥೆ ಪುರಾಣದಿಂದ ಬಂದುದಾದರೂ ಹೆಸರು ನಿತ್ಯದ ಅನುಭವದಿಂದ ಬಂದುದು. ಒಲೆಯಲ್ಲಿ ಕುಳ್ಳು ಉರಿಸುವ ಜನರಿಗೆ ಬೂದಿಯ ಗುರುತು ತಪ್ಪಲಿಲ್ಲ.

ಬದುಕಿನ ಹಾದಿ

ರೇಮಂಡ್ ಆಲ್ಚಿನ್ ಅವರು 1923ರ ಜುಲೈ 9ರಂದು ಲಂಡನ್ನಿನ ಹ್ಯಾರೋದಲ್ಲಿ ಜನಿಸಿದರು. ತಂದೆ ಶಸ್ತ್ರವೈದ್ಯರು. ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಓದಿದ ತರುವಾಯ ಅವರು ಕೈಗೊಂಡುದು ವಾಸ್ತುಶಿಲ್ಪದ ವ್ಯಾಸಂಗವನ್ನು. ಎರಡನೆಯ ಮಹಾಯುದ್ಧ ಆ ವ್ಯಾಸಂಗವನ್ನು ಕಡಿಯಿತು. ಸೈನ್ಯದ ಸಂಪರ್ಕದಳಕ್ಕೆ ಸೇರ್ಪಡೆಯಾದ ತರುಣನನ್ನು 1944ರಲ್ಲಿ ಭಾರತಕ್ಕೆ ಕಳುಹಿಸಲಾಯಿತು. ಸೈನಿಕನಾಗಿ ಬಂದವರು ಈ ದೇಶದ ಭಾಷೆ, ಧರ್ಮ, ಪ್ರಾಚೀನತೆಗಳಲ್ಲಿ ಆಸಕ್ತರಾಗಿ ಮರಳಿದರು. ಲಂಡನ್ನಿನ ಪ್ರಾಚ್ಯ ಮತ್ತು ಆಫ್ರಿಕಾ ಅಧ್ಯಯನ ಶಾಲೆಯಲ್ಲಿ ಹಿಂದಿ, ಸಂಸ್ಕೃತಗಳನ್ನು ಅಭ್ಯಾಸ ಮಾಡಿ, ಅಲ್ಲಿಯೇ ಪ್ರಾಧ್ಯಾಪಕ ಕಾಡ್ರಿಂಗ್ಟನ್ ಅವರ ಮಾರ್ಗದರ್ಶನದಲ್ಲಿ ಪುರಾತತ್ತ್ವ ಸಂಶೋಧನೆಗೆ ತೊಡಗಿದರು. ಸಂಶೋಧನೆಗೆ ಆರಿಸಿಕೊಂಡ ಕ್ಷೇತ್ರ ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ದೋಆಬ್. 1954ರಲ್ಲಿ ಅವರಿಗೆ ಡಾಕ್ಟರೇಟ್ ಪದವಿ ದೊರೆಯಿತು.

1951ರಲ್ಲಿ ಅವರು ಬ್ರಿಜೆಟ್ ಗಾರ್ಡನ್ ಅವರನ್ನು ವಿವಾಹವಾದರು. ಬ್ರಿಜೆಟ್ ಅವರೂ ಶಿಲಾಯುಗದ ಅಧ್ಯಯನದಲ್ಲಿ ಸ್ವತಂತ್ರವಾಗಿ ಹೆಸರು ಗಳಿಸಿದವರು. ಈ ದಂಪತಿಗಳ ವಿದ್ವತ್ ಸಹಯೋಗವು ಆರು ದಶಕಗಳ ಕಾಲ ನಡೆಯಿತು. ಇಬ್ಬರೂ ಕೂಡಿ ಬರೆದು 1968ರಲ್ಲಿ ಪ್ರಕಟಿಸಿದ 'ದ ಬರ್ತ್ ಆಫ್ ಇಂಡಿಯನ್ ಸಿವಿಲೈಸೇಷನ್', 1982ರಲ್ಲಿ ಬಂದ 'ದ ರೈಸ್ ಆಫ್ ಸಿವಿಲೈಸೇಷನ್ ಇನ್ ಇಂಡಿಯಾ ಅಂಡ್ ಪಾಕಿಸ್ತಾನ್' ಗ್ರಂಥಗಳು ಭಾರತದ ವಿಶ್ವವಿದ್ಯಾಲಯಗಳಲ್ಲಿ ಹಲವು ತಲೆಮಾರಿನ ವಿದ್ಯಾರ್ಥಿಗಳಿಗೆ ಆಕರಗಳಾದವು. 1959ರಲ್ಲಿ ಆಲ್ಚಿನ್ ಅವರು ಕೇಂಬ್ರಿಜ್ ವಿಶ್ವವಿದ್ಯಾಲಯವನ್ನು ಸೇರಿ ವೃತ್ತಿಜೀವನದ ಉಳಿದ ಭಾಗವನ್ನು ಅಲ್ಲಿಯೇ ಕಳೆದರು. ಅವರ ಆಸಕ್ತಿಗಳು ಒಂದೇ ಪ್ರದೇಶಕ್ಕೆ ಸೀಮಿತವಾಗಿರಲಿಲ್ಲ. ಪಾಕಿಸ್ತಾನದ ಬನ್ನು ಪ್ರದೇಶದ ಶೋಧಕಾರ್ಯದಲ್ಲಿಯೂ ಶ್ರೀಲಂಕೆಯ ಅನುರಾಧಪುರದ ಉತ್ಖನನ ಯೋಜನೆಯಲ್ಲಿಯೂ ಅವರು ಪಾಲ್ಗೊಂಡಿದ್ದರು. 1978ರಲ್ಲಿ ಇತರ ವಿದ್ವಾಂಸರೊಡಗೂಡಿ ಕೇಂಬ್ರಿಜ್‌ನಲ್ಲಿ ಪ್ರಾಚೀನ ಭಾರತ ಮತ್ತು ಇರಾನ್ ಟ್ರಸ್ಟ್ ಅನ್ನು ಸ್ಥಾಪಿಸಿದರು. 2010ರ ಜೂನ್ 4ರಂದು ಅವರು ನಿಧನರಾದರು. ಬ್ರಿಜೆಟ್ ಅವರು 2017ರಲ್ಲಿ ತೀರಿಕೊಂಡರು.

ಪುರಾತತ್ತ್ವಜ್ಞರಲ್ಲಿ ವಿರಳವಾದ ಇನ್ನೊಂದು ಮುಖವೂ ಆಲ್ಚಿನ್ ಅವರಿಗಿತ್ತು. ತುಳಸೀದಾಸರ 'ಕವಿತಾವಲಿ'ಯನ್ನು 1964ರಲ್ಲಿಯೂ 'ವಿನಯಪತ್ರಿಕೆ'ಯನ್ನು 1966ರಲ್ಲಿಯೂ ಅವರು ಇಂಗ್ಲಿಷಿನಲ್ಲಿ ಹೊರತಂದರು. ಬೂದಿದಿಬ್ಬಗಳನ್ನು ಕುರಿತ ಗ್ರಂಥವೂ ಈ ಅನುವಾದಗಳೂ ಅಕ್ಕಪಕ್ಕದ ವರ್ಷಗಳಲ್ಲಿ ಪ್ರಕಟವಾದವುಗಳೆಂಬುದನ್ನು ನೆನೆಯಬೇಕು. ಭಕ್ತಿಕಾವ್ಯವನ್ನು ಮೂಲಭಾಷೆಯಲ್ಲಿ ಓದಬಲ್ಲ ವಿದ್ವಾಂಸರಿಗೆ ಹಬ್ಬ, ಆಚರಣೆ, ನಂಬಿಕೆಗಳು ಅಧ್ಯಯನಕ್ಕೆ ಅರ್ಹವಾದ ಸಾಮಗ್ರಿಗಳಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಪಿಕ್ಲಿಹಾಳದಿಂದ ಉಟ್ನೂರಿಗೆ

ಆಲ್ಚಿನ್ ಅವರ ಮೊದಲ ಮುಖ್ಯ ಉತ್ಖನನ ನಡೆದುದು 1952ರಲ್ಲಿ, ರಾಯಚೂರು ಜಿಲ್ಲೆಯ ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ. ಬಂಡೆಗುಡ್ಡಗಳ ನಡುವಿನ ಈ ನೆಲೆಯಲ್ಲಿ ನವಶಿಲಾಯುಗದ ವಸತಿಯ ಪದರಗಳೂ ಬಂಡೆಗಳ ಮೇಲೆ ಗೂಳಿಗಳ ಚಿತ್ರಗಳೂ ದೊರೆತವು. ಇದರ ವರದಿ 1960ರಲ್ಲಿ ಆಂಧ್ರಪ್ರದೇಶ ಸರ್ಕಾರದ ಪುರಾತತ್ತ್ವ ಮಾಲೆಯ ಮೊದಲ ಗ್ರಂಥವಾಗಿ ಹೈದರಾಬಾದಿನಿಂದ ಹೊರಬಂದಿತು. ಅಗೆದ ಕಾಲಕ್ಕೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. ವರದಿ ಪ್ರಕಟವಾಗುವ ಹೊತ್ತಿಗೆ ಕನ್ನಡನಾಡಿನ ಭಾಗವಾಗಿತ್ತು. ಪಿಕ್ಲಿಹಾಳವು ದನಗಳೊಂದಿಗೆ ಬದುಕಿದ ಜನರ ಊರನ್ನು ತೋರಿಸಿತೇ ಹೊರತು ಬೂದಿದಿಬ್ಬದ ಪ್ರಶ್ನೆಯನ್ನು ಬಿಡಿಸಲಿಲ್ಲ. ಅದಕ್ಕೆ ದಿಬ್ಬವನ್ನೇ ಅಗೆಯಬೇಕಾಗಿತ್ತು.

1957ರಲ್ಲಿ ಅವರು ಅಂದಿನ ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಗೆ ಸೇರಿದ್ದ, ಈಗ ತೆಲಂಗಾಣದಲ್ಲಿರುವ ಉಟ್ನೂರಿನ ಬೂದಿದಿಬ್ಬವನ್ನು ಅಗೆದರು. ಅಲ್ಲಿ ಕಂಡ ಸಂಗತಿಗಳು ಮೂರು. ಮೊದಲನೆಯದಾಗಿ, ಬೂದಿಯ ಕೆಳಗೂ ನಡುವೆಯೂ ಸಾಲಾಗಿ ಕಂಬದ ಕುಳಿಗಳಿದ್ದವು. ಮರದ ಕಾಂಡಗಳನ್ನು ಒತ್ತಾಗಿ ನೆಟ್ಟು ಮಾಡಿದ ಎರಡು ಸುತ್ತಿನ ಬೇಲಿ ಅಲ್ಲಿತ್ತೆಂದು ಇದರಿಂದ ತಿಳಿಯಿತು. ಒಳಸುತ್ತು ದನಗಳಿಗೆ, ಎರಡು ಬೇಲಿಗಳ ನಡುವಣ ಜಾಗ ಮನುಷ್ಯರ ಗುಡಿಸಲುಗಳಿಗೆ. ಎರಡನೆಯದಾಗಿ, ಈ ಆವರಣವು ಒಮ್ಮೆ ಮಾತ್ರವಲ್ಲದೆ ಹಲವು ಬಾರಿ ಸುಟ್ಟಿತ್ತು, ಹಲವು ಬಾರಿ ಮತ್ತೆ ಕಟ್ಟಲ್ಪಟ್ಟಿತ್ತು. ಮೂರನೆಯ ಸಂಗತಿ ಅತ್ಯಂತ ನಿರ್ಣಾಯಕವಾದುದು: ಬೂದಿಯ ಪದರದ ಮೇಲೆ ದನಗಳ ಗೊರಸಿನ ಗುರುತುಗಳು ಅಚ್ಚೊತ್ತಿದಂತೆ ಉಳಿದಿದ್ದವು. ಬೆಂಕಿ ಆರಿದ ಬಳಿಕ ಅದೇ ದೊಡ್ಡಿಗೆ ದನಗಳು ಮರಳಿ ಬಂದಿದ್ದವು. ಚಿತೆ, ಕುಲುಮೆ, ಜ್ವಾಲಾಮುಖಿ ಎಂಬ ಯಾವ ವಾದಕ್ಕೂ ಈ ಗುರುತುಗಳನ್ನು ವಿವರಿಸುವ ಶಕ್ತಿಯಿರಲಿಲ್ಲ. ವಾಸ್ತುಶಿಲ್ಪದ ವಿದ್ಯಾರ್ಥಿಯಾಗಿದ್ದವರಿಗೆ ಕುಳಿಗಳ ಸಾಲಿನಿಂದ ಇಡೀ ಆವರಣದ ವಿನ್ಯಾಸವನ್ನು ಕಾಣುವುದರಲ್ಲಿ ಆ ಹಿಂದಿನ ಶಿಕ್ಷಣ ನೆರವಾಗಿರಬೇಕು.

ಇದೇ ಸುಮಾರಿಗೆ, 1960ರಲ್ಲಿ, ಪ್ರಾಚೀನ ಪರಿಸರದ ತಜ್ಞ ಜೋಯ್ನರ್ ಅವರು ಕುಡತಿನಿಯ ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅದು ಸಗಣಿಯ ಬೂದಿಯೆಂದು ಸ್ಥಾಪಿಸಿದರು. ಹುಲ್ಲಿನಲ್ಲಿರುವ ಸಿಲಿಕಾಂಶ ಸಗಣಿಯಲ್ಲಿ ಉಳಿದು ತೀವ್ರವಾದ ಶಾಖದಲ್ಲಿ ಕರಗುವುದರಿಂದ ಬೂದಿಗೆ ಕಿಟ್ಟದ ರೂಪ ಬರುತ್ತದೆ. ಹೀಗೆ ಫೂಟ್ ಅವರ ಊಹೆಗೆ ಎರಡು ದಿಕ್ಕುಗಳಿಂದ ಪ್ರಮಾಣ ದೊರೆಯಿತು. ಉಟ್ನೂರಿನ ವರದಿ 1961ರಲ್ಲಿಯೂ, ಎಲ್ಲ ಸಾಮಗ್ರಿಯನ್ನು ಕ್ರೋಡೀಕರಿಸಿದ 'ನಿಯೊಲಿಥಿಕ್ ಕ್ಯಾಟಲ್ ಕೀಪರ್ಸ್ ಆಫ್ ಸೌತ್ ಇಂಡಿಯಾ' ಗ್ರಂಥ 1963ರಲ್ಲಿಯೂ ಪ್ರಕಟವಾದವು.

ಕಾಲನಿರ್ಣಯದಲ್ಲಿಯೂ ಈ ಶೋಧದ ಪರಿಣಾಮ ದೊಡ್ಡದು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆದ ಮಾರ್ಟಿಮರ್ ವ್ಹೀಲರ್ ಅವರು ಅಲ್ಲಿನ ಕಲ್ಲುಕೊಡಲಿ ಸಂಸ್ಕೃತಿಯ ಆರಂಭವನ್ನು ಕ್ರಿ.ಪೂ. ಮೊದಲ ಸಹಸ್ರಮಾನದ ಆದಿಭಾಗಕ್ಕೆ ಇಟ್ಟಿದ್ದರು. ಉಟ್ನೂರಿನ ಇದ್ದಿಲಿನ ರೇಡಿಯೋ ಕಾರ್ಬನ್ ಪರೀಕ್ಷೆ ಅದನ್ನು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದಿತು. ಸಿಂಧೂ ನಗರಗಳು ಏಳಿಗೆಯಲ್ಲಿದ್ದ ಕಾಲದಲ್ಲಿಯೇ ದಖ್ಖನಿನ ಬಯಲಿನಲ್ಲಿ ದನಗಾಹಿಗಳ ಸಂಸ್ಕೃತಿಯೊಂದು ನೆಲೆಗೊಂಡಿತ್ತೆಂಬುದು ಸಿದ್ಧವಾಯಿತು.

ಬೆಂಕಿಯ ಅರ್ಥ

ಸಗಣಿಯೆಂಬುದು ನಿಶ್ಚಯವಾದ ಮೇಲೂ ಅದನ್ನು ಸುಟ್ಟುದೇಕೆ ಎಂಬ ಪ್ರಶ್ನೆ ಉಳಿಯಿತು. ಆಕಸ್ಮಿಕವಾದ ಬೆಂಕಿಯಿಂದ, ಶತ್ರುಗಳ ದಾಳಿಯಿಂದ ದೊಡ್ಡಿ ಸುಡುವುದು ಸಾಧ್ಯ. ಆದರೆ ಅದೇ ಸ್ಥಳದಲ್ಲಿ ಮತ್ತೆ ಮತ್ತೆ, ಹೆಚ್ಚು ಕಡಿಮೆ ಒಂದೇ ಕ್ರಮದಲ್ಲಿ ಸುಟ್ಟುದನ್ನು ಆಕಸ್ಮಿಕವೆನ್ನಲಾಗದು. ಆದ್ದರಿಂದ ಆಲ್ಚಿನ್ ಅವರು ಇದನ್ನು ಉದ್ದೇಶಪೂರ್ವಕವಾದ ಆಚರಣೆಯೆಂದು ಭಾವಿಸಿದರು. ಮೇವು ನೀರುಗಳನ್ನರಸಿ ದನಗಳೊಂದಿಗೆ ಋತುಮಾನಕ್ಕನುಸಾರ ಹೊರಡುವ, ಮರಳುವ ಸಂಧಿಕಾಲದಲ್ಲಿ ಈ ಬೆಂಕಿ ಹೊತ್ತಿಸಲ್ಪಡುತ್ತಿತ್ತೆಂಬುದು ಅವರ ವಿವರಣೆ. ಇದಕ್ಕೆ ಅವರು ಇಂದಿನ ಹಬ್ಬಗಳ ಬೆಂಕಿಯನ್ನು ಹೋಲಿಕೆಯಾಗಿ ತಂದರು. ದೀಪಾವಳಿ, ಹೋಳಿ, ಪೊಂಗಲ್‌ಗಳಲ್ಲಿ ಬೆಂಕಿ ಮತ್ತು ದನಗಳ ಸಂಬಂಧ ಉಳಿದುಬಂದಿರುವುದನ್ನು ತೋರಿಸಿದರು.

ಈ ವಾದದ ಕ್ರಮವನ್ನು ಜಾನಪದ ಅಧ್ಯಯನವು ವಿಶೇಷವಾಗಿ ಗಮನಿಸಬೇಕಾಗಿದೆ. ಆಚರಣೆಯನ್ನು ಮೊದಲು ಇಟ್ಟುಕೊಂಡು ನೆಲದಲ್ಲಿ ಅದರ ಕುರುಹನ್ನು ಹುಡುಕಿದ ಬಗೆ ಇದಲ್ಲ. ಕಂಬದ ಕುಳಿ, ಗೊರಸಿನ ಗುರುತು, ಬೂದಿಯ ಪದರಗಳು ಮೊದಲು ಬಂದವು. ಅವು ಹೇಳದೆ ಉಳಿಸಿದ ಭಾಗಕ್ಕೆ ಮಾತ್ರ ಆಚರಣೆಯ ನೆರವನ್ನು ಕೇಳಲಾಯಿತು. ಆ ನೆರವು ಪ್ರಮಾಣವಲ್ಲ, ಸಾಧ್ಯತೆ. ನಾಲ್ಕು ಸಾವಿರ ವರ್ಷಗಳ ಹಿಂದಿನ ಬೆಂಕಿಯೇ ಇಂದಿನ ಹಬ್ಬದಲ್ಲಿ ಉರಿಯುತ್ತಿದೆ ಎಂದು ಹೇಳಲು ನಡುವಣ ಕೊಂಡಿಗಳು ಬೇಕು. ಆ ಕೊಂಡಿಗಳಿಲ್ಲದೆ ಹೋಲಿಕೆಯನ್ನು ಉತ್ತರಾಧಿಕಾರವೆಂದು ತಿಳಿಯುವುದು ಸರಿಯಾಗದು.

ಹಬ್ಬಗಳನ್ನು ಹೆಸರಿನಿಂದ ಹೋಲಿಸುವುದರಲ್ಲಿ ಇನ್ನೊಂದು ತೊಡಕೂ ಇದೆ. ಒಂದೇ ಹಬ್ಬ ಒಂದೊಂದು ಸೀಮೆಯಲ್ಲಿ ಒಂದೊಂದು ಬಗೆಯಾಗಿ ನಡೆಯುತ್ತದೆ. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವ ಪದ್ಧತಿ ಹಳೆಯ ಮೈಸೂರು ಸೀಮೆಯಲ್ಲಿ ಪ್ರಬಲವಾಗಿದೆ. ಬೂದಿದಿಬ್ಬಗಳಾದರೋ ಇರುವುದು ಉತ್ತರದ ಬಯಲುಸೀಮೆಯಲ್ಲಿ. ಅಲ್ಲಿ ಬೆಂಕಿಯ ಹಬ್ಬವೆಂದರೆ ಹೋಳಿ. ಹುಡುಗರು ಕಟ್ಟಿಗೆ ಮತ್ತು ಕುಳ್ಳುಗಳನ್ನು ಕದ್ದು ತಂದು ಕಾಮನನ್ನು ಸುಡುತ್ತಾರೆ. ಸಗಣಿಯ ಹಬ್ಬವೆಂದರೆ ದೀಪಾವಳಿಯ ಹಟ್ಟಿಹಬ್ಬ. ಬಲಿಪಾಡ್ಯಮಿಯಂದು ಸಗಣಿಯಲ್ಲಿ ಪಾಂಡವರನ್ನು ಮಾಡಿ, ಹೂವು ಸಿಕ್ಕಿಸಿ ಹೊಸ್ತಿಲಲ್ಲಿ ಇಡುತ್ತಾರೆ. ಆದ್ದರಿಂದ ಆಚರಣೆಯ ಹೋಲಿಕೆಯು ಹಬ್ಬದ ಹೆಸರಿಗಿಂತ ಸೀಮೆಯ ವಿವರವನ್ನು ಅವಲಂಬಿಸಬೇಕು.

ಮಾತಿನ ಸಾಕ್ಷ್ಯ ಇದಕ್ಕಿಂತಲೂ ಹತ್ತಿರದ್ದು. ಕನ್ನಡದಲ್ಲಿ 'ಹಟ್ಟಿ' ಎಂದರೆ ದನಗಳ ಕೊಟ್ಟಿಗೆಯೂ ಹೌದು, ಜನರ ವಸತಿಯೂ ಹೌದು. ಗೊಲ್ಲರಹಟ್ಟಿಯ ಸುತ್ತ ಮುಳ್ಳುಬೇಲಿ, ಒಳಗೆ ಗುಡಿಸಲುಗಳು ಮತ್ತು ರೊಪ್ಪ ಇರುವ ವಿನ್ಯಾಸ ಚಿತ್ರದುರ್ಗ, ತುಮಕೂರು ಸೀಮೆಗಳಲ್ಲಿ ಇತ್ತೀಚಿನವರೆಗೆ ಸಾಮಾನ್ಯವಾಗಿತ್ತು. ಮ್ಯಾಸಬೇಡರ ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು, ಕಾಡುಗೊಲ್ಲರ ಜುಂಜಪ್ಪ ಮತ್ತು ಅವನ ಬಡಮೈಲನೆಂಬ ಗೂಳಿಯ ಕಥೆಗಳು, ತುರುಗೋಳಿನಲ್ಲಿ ಮಡಿದವರ ವೀರಗಲ್ಲುಗಳು, ಇವೆಲ್ಲ ದನವೇ ಸಂಪತ್ತಾಗಿದ್ದ ಬದುಕಿನ ದಾಖಲೆಗಳು. ಈ ಮೌಖಿಕ ಸಾಮಗ್ರಿಯ ಬಹುಪಾಲು 1963ರ ಬಳಿಕವೇ ಸಂಗ್ರಹಗೊಂಡು ಅಚ್ಚಾಯಿತು. ಆಲ್ಚಿನ್ ಅವರ ಗ್ರಂಥಕ್ಕೆ ದೊರೆಯದಿದ್ದ ಈ ಆಕರಗಳನ್ನು ಬೂದಿದಿಬ್ಬಗಳ ಅಧ್ಯಯನದೊಂದಿಗೆ ಎಚ್ಚರದಿಂದ ಜೋಡಿಸುವ ಕೆಲಸ ಕನ್ನಡ ವಿದ್ವಾಂಸರಿಗೆ ಸೇರಿದ್ದಾಗಿದೆ.

ಆಲ್ಚಿನ್ ಅವರ ತರುವಾಯ

ಆಲ್ಚಿನ್ ಅವರ ನಿರ್ಣಯಗಳು ಹಾಗೆಯೇ ಉಳಿಯಲಿಲ್ಲ. ಎಂ. ಎಸ್. ನಾಗರಾಜರಾವ್ ಅವರು ತೆಕ್ಕಲಕೋಟೆ, ಹಳ್ಳೂರುಗಳಲ್ಲಿ ನಡೆಸಿದ ಉತ್ಖನನಗಳು ನವಶಿಲಾಯುಗದ ಸ್ಥಿರವಸತಿಯ ಚಿತ್ರವನ್ನು ವಿಸ್ತರಿಸಿದವು. ಕೆ. ಪದ್ದಯ್ಯ ಅವರು ಸುರಪುರ ಸೀಮೆಯಲ್ಲಿ, ಮೊದಲು ಕೊಡೇಕಲ್ಲಿನಲ್ಲಿಯೂ 1989ರಿಂದ ಮುಂದೆ ಬೂದಿಹಾಳದಲ್ಲಿಯೂ ಕೈಗೊಂಡ ಶೋಧಗಳು ಇನ್ನೂ ಮುಂದೆ ಹೋದವು. ಬೂದಿಹಾಳದಲ್ಲಿ ದಿಬ್ಬಕ್ಕೆ ಹೊಂದಿಕೊಂಡೇ ಜನವಸತಿ, ಮಕ್ಕಳ ಸಮಾಧಿಗಳು, ಕಲ್ಲಿನ ಆಯುಧ ತಯಾರಿಸುವ ಸ್ಥಳ, ಪ್ರಾಣಿಗಳನ್ನು ಕತ್ತರಿಸುತ್ತಿದ್ದ ಅಂಗಳ ಪತ್ತೆಯಾದವು. ದಿಬ್ಬವು ಕೇವಲ ದೂರದ ದನದೊಡ್ಡಿಯಾಗಿರದೆ, ಊರಿನವರು ಸಗಣಿಯನ್ನು ಒಟ್ಟಿ ಸುಡುತ್ತಿದ್ದ ಜಾಗವೂ ಆಗಿತ್ತೆಂಬ ಅಭಿಪ್ರಾಯ ಇದರಿಂದ ಬಲಗೊಂಡಿತು. ಸಂಗನಕಲ್ಲು ಮೊದಲಾದ ನೆಲೆಗಳ ಸುಟ್ಟ ಕಾಳುಗಳ ಅಧ್ಯಯನವು ಹುರುಳಿ, ಹೆಸರು, ಕೊರಲೆಯಂತಹ ಧಾನ್ಯಗಳನ್ನು ಈ ಜನ ಬಳಸುತ್ತಿದ್ದರೆಂದು ತೋರಿಸಿತು. ದನಗಾಹಿಗಳೆಂದು ಪ್ರಸಿದ್ಧರಾದವರು ಬೇಸಾಯವನ್ನೂ ಅರಿತಿದ್ದರು. ಬಯಲುಸೀಮೆಯ ಇಂದಿನ ಊಟದ ಹುರುಳಿಗೆ ಇರುವ ಪ್ರಾಚೀನತೆಯೂ ಇದರಿಂದ ವ್ಯಕ್ತವಾಗುತ್ತದೆ.

ಈ ತಿದ್ದುಪಡಿಗಳು ಆಲ್ಚಿನ್ ಅವರ ಕೆಲಸವನ್ನು ಕುಗ್ಗಿಸುವುದಿಲ್ಲ. ಉಟ್ನೂರಿನ ಒಂದು ದಿಬ್ಬದಿಂದ ದೊರೆತ ಚಿತ್ರವು ಎಲ್ಲ ದಿಬ್ಬಗಳಿಗೂ ಒಪ್ಪಬೇಕೆಂದಿಲ್ಲ. ಆದರೆ ಸಗಣಿ, ದನ, ಬೆಂಕಿ, ನವಶಿಲಾಯುಗ ಎಂಬ ನಾಲ್ಕು ಸಂಗತಿಗಳ ಕೂಟ ಇಂದಿಗೂ ಅಚಲವಾಗಿದೆ. ಅನಂತರದ ಚರ್ಚೆಗಳೆಲ್ಲ ನಡೆದುದು ಅವರು ಹಾಕಿಕೊಟ್ಟ ತಳಪಾಯದ ಮೇಲೆಯೇ.

ಚಿಂತೆಗೆ ಕಾರಣವಾಗಿರುವುದು ದಿಬ್ಬಗಳ ಸ್ಥಿತಿ. ಬೂದಿ ಹೊಲಕ್ಕೆ ಒಳ್ಳೆಯ ಗೊಬ್ಬರವಾದ್ದರಿಂದ ರೈತರು ಅದನ್ನು ಬಂಡಿಗಳಲ್ಲಿ ಹೇರಿಕೊಂಡು ಹೋದುದು ಸ್ವಾಭಾವಿಕ. ರಸ್ತೆ ಕೆಲಸ, ಹೊಲಗಳ ವಿಸ್ತರಣೆ, ಕಲ್ಲುಗಣಿಗಾರಿಕೆಗಳಿಂದಲೂ ಅನೇಕ ನೆಲೆಗಳು ಹಾಳಾಗಿವೆ. ದಿಬ್ಬ ಮಾಯವಾದಾಗ ಗೊರಸಿನ ಗುರುತು ಅಳಿಯುತ್ತದೆ. ಅದರೊಂದಿಗೆ ಅಲ್ಲಿನ ಐತಿಹ್ಯಕ್ಕೂ ನೆಲೆ ತಪ್ಪುತ್ತದೆ. ತೋರಿಸಲು ಬೂದಿಯಿಲ್ಲದ ಊರಿನಲ್ಲಿ ಹಿಡಿಂಬಾಸುರನ ಕಥೆಯನ್ನು ಮುಂದಿನವರಿಗೆ ಹೇಳುವವರು ಇರಲಾರರು. ದಿಬ್ಬದ ಅಳತೆ ಮತ್ತು ಛಾಯಾಚಿತ್ರಗಳ ಜೊತೆಗೆ ಅದರ ಹೆಸರು, ಅದರ ಕಥೆ, ಅಲ್ಲಿ ನಡೆಯುವ ಪೂಜೆ, ಸುತ್ತಲಿನ ದನಗಾಹಿಗಳ ನೆನಪುಗಳು ಒಂದೇ ದಾಖಲೆಯಲ್ಲಿ ಸೇರಬೇಕಾದುದು ಇದರಿಂದಲೇ ಅಗತ್ಯವಾಗಿದೆ.

ಒಟ್ಟಿನಲ್ಲಿ, ರೇಮಂಡ್ ಆಲ್ಚಿನ್ ಅವರ ಸಾಧನೆಯನ್ನು ಒಗಟೊಂದರ ಬಿಡುಗಡೆಯೆಂದಷ್ಟೇ ಹೇಳಿದರೆ ಸಾಲದು. ಅರಮನೆ, ದೇವಾಲಯ, ಶಾಸನಗಳ ಸುತ್ತಲೇ ಸುಳಿಯುತ್ತಿದ್ದ ಚರಿತ್ರೆಯ ಲಕ್ಷ್ಯವನ್ನು ಅವರು ದನದ ದೊಡ್ಡಿಯತ್ತ ತಿರುಗಿಸಿದರು. ಹೆಸರಿಲ್ಲದ ದನಗಾಹಿಗಳು ದಖ್ಖನಿನ ಮೊದಲ ನೆಲೆಗಳನ್ನು ಕಟ್ಟಿದವರಲ್ಲಿ ಸೇರಿದವರೆಂದು ಗೊರಸಿನ ಗುರುತಿನಿಂದ ಸಾಧಿಸಿದರು. ಇಂದಿನ ಜನರ ಆಚರಣೆಯನ್ನು ಪ್ರಾಚೀನತೆಯ ಓದಿಗೆ ಕರೆದು ತಂದ ಅವರ ದಾರಿಯಲ್ಲಿ ನಡೆಯುವವರಿಗೆ ಅವರ ಸಂಯಮವೂ ಬೇಕಾಗುತ್ತದೆ. ನೆಲ ಹೇಳಿದುದನ್ನು ಮೊದಲು ಕೇಳಿ, ಜನ ಹೇಳಿದುದನ್ನು ಅದರ ಪಕ್ಕದಲ್ಲಿಟ್ಟು, ಎರಡೂ ಕೂಡುವಲ್ಲಿ ಕೂಡಿಸಿ, ಕೂಡದ ಕಡೆ ಬಿಡಿಸಿಯೇ ಇಡುವುದು ಆ ಸಂಯಮದ ಸ್ವರೂಪ.